ಅರ್ಪಣೆಯ ಪುಟದಿಂದ ಮುಖಪುಟಕ್ಕೆ

ಗ್ರಂಥವೊಂದನ್ನು ಕೈಗೆತ್ತಿಕೊಂಡ ವಾಚಕನು ಮೊದಲು ನೋಡುವುದು ಮುಖಪುಟವನ್ನು. ಅಲ್ಲಿರುವುದು ಬರೆದವರ ಹೆಸರು. ಎರಡು ಹಾಳೆ ಮಗುಚಿದರೆ ಅರ್ಪಣೆಯ ಪುಟ ಸಿಕ್ಕುತ್ತದೆ. ಅಲ್ಲಿಯೂ ಒಂದು ಹೆಸರಿರುತ್ತದೆ. ಪ್ರೀತಿಯಿಂದಲೋ, ಗೌರವದಿಂದಲೋ, ಋಣಭಾರದಿಂದಲೋ ಅಚ್ಚಾದ ಹೆಸರು ಅದು. ಮೊದಲನೆಯವರನ್ನು ಲೋಕವು ಕರ್ತೃವೆಂದು ಕರೆಯುತ್ತದೆ. ಎರಡನೆಯವರನ್ನು ಸ್ಫೂರ್ತಿಯೆಂದು ಕರೆದು ಕೈಮುಗಿದು ಸುಮ್ಮನಾಗುತ್ತದೆ. ಈ ಎರಡು ಪುಟಗಳ ನಡುವಣ ದೂರ ಬಹಳ ಕಿರಿದು. ಆದರೆ ಆ ದೂರವನ್ನು ದಾಟಿ, ಸ್ಫೂರ್ತಿಯೆನಿಸಿಕೊಂಡವರು ತಾವೇ ಕರ್ತೃಗಳಾದ ಸಂದರ್ಭಗಳು ಯಾವ ನಾಡಿನ ವಾಙ್ಮಯದಲ್ಲಿಯೂ ಹೆಚ್ಚಿಲ್ಲ. ದಾಟಿದವರನ್ನು ವಿಮರ್ಶಕರು ಗುರುತಿಸಿದ್ದು ಅದಕ್ಕಿಂತಲೂ ಕಡಮೆ.

ಗ್ರೀಕರ ಪುರಾಣದಲ್ಲಿ ಕವಿಗೆ ವಾಣಿಯನ್ನು ಕೊಡುವ ಒಂಬತ್ತು ಮಂದಿ ದೇವಿಯರುಂಟು. ಸ್ಮೃತಿಯೇ ಅವರ ತಾಯಿಯೆಂದು ಆ ಪುರಾಣ ಹೇಳುತ್ತದೆ. ಕಾಲಕ್ರಮದಲ್ಲಿ ಯೂರೋಪಿನ ಕವಿಗಳೂ ಚಿತ್ರಕಾರರೂ ಆ ದೇವಿಯರ ಪೀಠದಲ್ಲಿ ಮನುಷ್ಯಸ್ತ್ರೀಯರನ್ನು ಕುಳ್ಳಿರಿಸಿದರು. ಪೀಠದ ಮೇಲೆ ಕುಳಿತವಳಿಗೆ ಪೂಜೆಯಿತ್ತು, ಕೆಲಸವಿರಲಿಲ್ಲ. ಭಾರತೀಯರ ಕಲ್ಪನೆ ಇದಕ್ಕಿಂತ ಬೇರೆಯಾದುದು. ಇಲ್ಲಿಯ ಶಾರದೆಯ ಕೈಯಲ್ಲಿ ವೀಣೆಯಿದೆ, ಪುಸ್ತಕವಿದೆ. ನುಡಿಸುವವನಿಗೆ ವರ ಕೊಡುವವಳು ತಾನೂ ನುಡಿಸಬಲ್ಲವಳೆಂಬ ನಂಬಿಕೆಯಿಂದಲೇ ಆ ಮೂರ್ತಿ ರೂಪುಗೊಂಡಿತು. ಹೀಗಿದ್ದರೂ ಮನೆಯೊಳಗಿನ ವಿಷಯ ಬಂದಾಗ ಈ ನಾಡಿನ ಪಂಡಿತರೂ ಗ್ರೀಕರ ಪೀಠವನ್ನೇ ಮೆಚ್ಚಿದರೆಂಬುದು ವಿಚಿತ್ರ.

ದಾಟಿದವರ ಎರಡು ದೃಷ್ಟಾಂತಗಳನ್ನು ಮೊದಲೇ ನೆನೆಯುವುದು ಒಳ್ಳೆಯದು. ಮುಂದಿನ ವಿಚಾರಕ್ಕೆ ಅವು ಅಳತೆಗೋಲಾಗುತ್ತವೆ. ಮೊದಲನೆಯದು ಫ್ರಾನ್ಸ್ ದೇಶದ್ದು. ೧೮೬೫ರಲ್ಲಿ ಹುಟ್ಟಿದ ಸುಜಾನ್ ವಾಲದೋಂ ಎಂಬ ಬಡ ಹೆಣ್ಣುಮಗಳು ಸರ್ಕಸ್ಸಿನಲ್ಲಿ ದುಡಿದು, ಅಲ್ಲಿ ಬಿದ್ದು ಪೆಟ್ಟು ಮಾಡಿಕೊಂಡ ಮೇಲೆ ಪ್ಯಾರಿಸ್ಸಿನ ಚಿತ್ರಕಾರರ ಮುಂದೆ ಮಾದರಿಯಾಗಿ ನಿಲ್ಲುವ ಕಸುಬನ್ನು ಹಿಡಿದಳು. ರೆನ್ವಾ, ತುಲೂಸ್ ಲೋತ್ರೆಕ್ ಮೊದಲಾದವರ ಪಟಗಳಲ್ಲಿ ಅವಳ ಮುಖವಿದೆ. ಅವಳು ನಿಂತಲ್ಲಿಂದಲೇ ಕುಂಚ ಹಿಡಿದವರ ಕೈಗಳನ್ನು ನೋಡಿ ಕಲಿತಳು, ತಾನೂ ಬರೆದಳು. ದೆಗಾ ಅವಳ ರೇಖಾಚಿತ್ರಗಳನ್ನು ಮೆಚ್ಚಿ ಕೊಂಡನು. ೧೯೩೮ರಲ್ಲಿ ಅವಳು ತೀರಿಕೊಂಡಾಗ ಮಾದರಿಯೆಂಬ ಹೆಸರು ಹಿಂದೆ ಸರಿದು ಚಿತ್ರಕಾರ್ತಿಯೆಂಬ ಹೆಸರು ಮುಂದೆ ಬಂದಿತ್ತು. ಅವಳ ಪಟಗಳಲ್ಲಿರುವ ಹೆಂಗಸರು ಪರರ ಕಣ್ಣಿಗಾಗಿ ಸಿಂಗರಿಸಿಕೊಂಡು ನಿಂತವರಲ್ಲ. ಮೈಯ ಭಾರ, ದಿನದ ದಣಿವು ಅವರಲ್ಲಿ ಕಾಣುತ್ತದೆ.

ಎರಡನೆಯ ದೃಷ್ಟಾಂತ ಕನ್ನಡದ್ದೇ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ ಅರಮನೆಯ ಎಲೆಯಡಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿದಳು. ವಸ್ತು ಅವಳದಲ್ಲ, ಪತಿವ್ರತಾಧರ್ಮವನ್ನು ಹೇಳುವ ಕಾವ್ಯ ಆಸ್ಥಾನಕ್ಕೆ ಒಪ್ಪುವಂಥದೇ. ಆದರೆ ಆ ವಸ್ತುವಿನ ಒಳಗೇ, ಗಂಡುಮಗುವನ್ನು ಮೇಲೆಂದೂ ಹೆಣ್ಣುಮಗುವನ್ನು ಕೀಳೆಂದೂ ಎಣಿಸುವವರ ಅವಿವೇಕವನ್ನು ಅವಳು ನೇರವಾಗಿ ಖಂಡಿಸಿದಳು. ವಾಲದೋಂ ಪರರ ಪಟದಿಂದ ಹೊರಗೆ ಬಂದು ತನ್ನ ಪಟವನ್ನು ಬರೆದಳು. ಹೊನ್ನಮ್ಮ ಪರರು ಹಾಕಿದ ಚೌಕಟ್ಟಿನಲ್ಲಿಯೇ ಇದ್ದು ತನ್ನ ಮಾತನ್ನು ಆಡಿದಳು. ಸ್ವತಂತ್ರವಾದ ಸೃಷ್ಟಿಗೆ ಈ ಎರಡೂ ದಾರಿಗಳೇ. ಒಂದನ್ನು ಮಾತ್ರ ದಾರಿಯೆಂದು ಎಣಿಸಿದರೆ ಇನ್ನೊಂದರಲ್ಲಿ ನಡೆದವರು ಕಣ್ಣಿಗೆ ಬೀಳುವುದೇ ಇಲ್ಲ.

ಈ ಮಾತನ್ನು ಒರೆಗೆ ಹಚ್ಚಿ ನೋಡಲು ತಕ್ಕ ಸ್ಥಳ ಸಾಲಿಗ್ರಾಮ. ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಬ್ರಹ್ಮಾವರವನ್ನು ದಾಟಿದ ಮೇಲೆ ಕೋಟಕ್ಕಿಂತ ಮುಂಚೆ ಸಿಕ್ಕುವ ಈ ಊರು ಗುರುನರಸಿಂಹ ದೇವರ ಸನ್ನಿಧಿಯಿಂದ ಪ್ರಸಿದ್ಧವಾದುದು. ಕನ್ನಡ ವಾಚಕರಿಗೆ ಇದು ಇನ್ನೊಂದು ಕಾರಣದಿಂದಲೂ ಪರಿಚಿತ. ೧೯೦೨ರ ಅಕ್ಟೋಬರ್ ೧೦ರಂದು ಪಕ್ಕದ ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು ಬಹುಕಾಲ ಪುತ್ತೂರಿನಲ್ಲಿ ಬಾಳಿ, ಕೊನೆಯ ದಶಕಗಳನ್ನು ಸಾಲಿಗ್ರಾಮದಲ್ಲಿ ಕಳೆದರು. ೪೦ಕ್ಕೂ ಮಿಕ್ಕ ಕಾದಂಬರಿಗಳು, ಮಕ್ಕಳಿಗಾಗಿ ‘ಬಾಲ ಪ್ರಪಂಚ’, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’, ನಿಘಂಟು, ಪ್ರವಾಸಕಥನ, ಗೀತನಾಟಕ, ಯಕ್ಷಗಾನದ ಶಾಸ್ತ್ರ ಮತ್ತು ಪ್ರಯೋಗ, ಚಿತ್ರಕಲೆ, ಪರಿಸರದ ಹೋರಾಟ – ಅವರು ಕೈಯಿಡದ ಕ್ಷೇತ್ರವೇ ವಿರಳ. ಇಂತಹ ಆಲದ ಮರದ ನೆರಳಿನಲ್ಲಿ ಬೇರೊಂದು ಗಿಡ ಬೆಳೆಯುವುದು ಸುಲಭವಲ್ಲ. ಬೆಳೆದರೂ ದಾರಿಹೋಕನು ಅದನ್ನು ಆಲದ ಬಿಳಲೆಂದೇ ತಿಳಿಯುತ್ತಾನೆ.

ಆ ನೆರಳಿನಲ್ಲಿ ಇಬ್ಬರು ಸ್ತ್ರೀಯರ ಬರವಣಿಗೆ ಬೆಳೆಯಿತು. ಒಬ್ಬರು ಪತ್ನಿ ಲೀಲಾ ಕಾರಂತರು. ಮತ್ತೊಬ್ಬರು ೧೯೭೪ರಿಂದ ಅವರ ಲಿಪಿಕಾರ್ತಿಯಾಗಿ, ಬಳಿಕ ಅವರ ಬರಹಗಳ ಸಂಪಾದಕಿಯಾಗಿ ದುಡಿದ ಮಾಲಿನಿ ಮಲ್ಯರು. ಇಬ್ಬರ ಕುರಿತೂ ಸಾಹಿತ್ಯಪ್ರಿಯರ ಜಗಲಿಗಳಲ್ಲಿ ಬೇಕಾದಷ್ಟು ಮಾತು ನಡೆದಿದೆ. ಇಂಥ ಕಾದಂಬರಿಯ ಇಂಥ ನಾಯಿಕೆಗೆ ಮೂಲ ಯಾರು, ಇಂಥ ಪ್ರಸಂಗದ ಹಿಂದೆ ಯಾರ ಬಾಳಿದೆ ಎಂಬ ಕುತೂಹಲವೇ ಆ ಮಾತಿನ ಸಾರ. ಅವರು ಏನು ಮಾಡಿದರು, ಮಾಡಿದ್ದು ಎಷ್ಟು ಬೆಲೆಯುಳ್ಳದ್ದು ಎಂಬ ಪ್ರಶ್ನೆ ಏಳುವುದು ಅಪರೂಪ. ವಿಮರ್ಶೆಗೆ ಸಂಬಂಧಪಟ್ಟುದು ಎರಡನೆಯ ಪ್ರಶ್ನೆ ಮಾತ್ರ.

ಲೀಲಾ ಅವರು ಬಂಟ ಸಮಾಜದ ಆಳ್ವ ಮನೆತನದಲ್ಲಿ ಹುಟ್ಟಿದವರು. ಕಾರಂತರು ಕೋಟದ ಬ್ರಾಹ್ಮಣರು. ೧೯೩೬ರಲ್ಲಿ ನಡೆದ ಈ ವಿವಾಹವನ್ನು ಅಂದಿನ ದಕ್ಷಿಣ ಕನ್ನಡದ ಜಾತಿಕಟ್ಟಿನ ಎದುರಿಗೆ ಇಟ್ಟು ನೋಡಿದರೆ, ಇಬ್ಬರಿಗೂ ಬೇಕಾಗಿದ್ದ ಧೈರ್ಯದ ಪ್ರಮಾಣ ತಿಳಿಯುತ್ತದೆ. ಹೆಣ್ಣಿಗೆ ಬೇಕಾಗಿದ್ದ ಧೈರ್ಯ ಒಂದು ತೂಕ ಹೆಚ್ಚೆಂದೇ ಹೇಳಬೇಕು. ಲೀಲಾ ಅವರಿಗೆ ಹಾಡು ಬರುತ್ತಿತ್ತು, ನೃತ್ಯ ಬರುತ್ತಿತ್ತು. ಕಾರಂತರು ಗೀತನಾಟಕಗಳ ಪ್ರಯೋಗದಲ್ಲಿ ಮುಳುಗಿದ್ದಾಗ ಆಕೆಯೂ ರಂಗವನ್ನೇರಿದರು. ಮನೆತನದ ಹೆಣ್ಣುಮಕ್ಕಳು ರಂಗದ ಮೇಲೆ ಕಾಣಿಸಿಕೊಳ್ಳುವುದನ್ನು ಜನ ಒಪ್ಪದ ಕಾಲ ಅದು. ಕಾರಂತರ ಕಲ್ಪನೆಗೆ ಮೈಯನ್ನೂ ಕಂಠವನ್ನೂ ಕೊಟ್ಟವರನ್ನು ಸ್ಫೂರ್ತಿಯೆಂದಷ್ಟೇ ಕರೆದರೆ ಲೆಕ್ಕ ತಪ್ಪುತ್ತದೆ. ಅವರು ಆ ಪ್ರಯೋಗಗಳ ಸಹಕರ್ತೃಗಳು. ಆದರೆ ರಂಗದ ಹೆಜ್ಜೆಗೆ ಒಂದು ಶಾಪವಿದೆ. ದೀಪ ಆರಿದೊಡನೆ ಅದು ಅಳಿಯುತ್ತದೆ. ನಾಟಕ ಬರೆದವನ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ, ಕುಣಿದವಳ ಹೆಸರು ನೋಡಿದವರ ಜೊತೆಯಲ್ಲಿಯೇ ಹೋಗುತ್ತದೆ.

ಆದುದರಿಂದ ಲೀಲಾ ಕಾರಂತರು ಕಾಗದದ ಮೇಲೆ ಮಾಡಿದ ಕೆಲಸಕ್ಕೆ ವಿಶೇಷವಾದ ಬೆಲೆಯುಂಟು. ಮರಾಠಿಯಲ್ಲಿ ಓದಿ ಬೆಳೆದಿದ್ದ ಅವರು ಕನ್ನಡವನ್ನು ಮತ್ತೆ ಅಭ್ಯಾಸ ಮಾಡಿ, ಹರಿ ನಾರಾಯಣ ಆಪಟೆಯವರ ‘ಪಣ್ ಲಕ್ಷಾತ್ ಕೋಣ್ ಘೇತೋ’ ಎಂಬ ಕಾದಂಬರಿಯನ್ನು ಕನ್ನಡಕ್ಕೆ ತಂದರು. ೧೮೯೦ರ ದಶಕದಲ್ಲಿ ಆಪಟೆಯವರದೇ ಆದ ‘ಕರಮಣೂಕ್’ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದ ಈ ಕೃತಿ ಮರಾಠಿ ಕಾದಂಬರಿಗೆ ಹೊಸ ಹಾದಿಯನ್ನು ತೆರೆದುದು. ಯಮುನೆಯೆಂಬ ಹೆಣ್ಣುಮಗಳು ತನ್ನ ಬಾಲ್ಯ, ಮದುವೆ, ಅತ್ತೆಯ ಮನೆ, ಚಿಕ್ಕ ವಯಸ್ಸಿನ ವೈಧವ್ಯ, ಬಲಾತ್ಕಾರದ ಕೇಶಮುಂಡನ ಇವೆಲ್ಲವನ್ನೂ ತಾನೇ ಹೇಳಿಕೊಳ್ಳುವ ರೀತಿಯಲ್ಲಿ ಅದು ಸಾಗುತ್ತದೆ. ‘ಆದರೆ ಲಕ್ಷ್ಯ ಕೊಡುವವರು ಯಾರು?’ ಎಂಬುದು ಶಿರೋನಾಮೆಯ ತಾತ್ಪರ್ಯ.

ಈ ಆಯ್ಕೆಯನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಅನುವಾದಕನ ಸ್ವಾತಂತ್ರ್ಯ ಮೊದಲು ಕಾಣುವುದು ಯಾವುದನ್ನು ಅನುವಾದಿಸಬೇಕೆಂಬ ನಿರ್ಧಾರದಲ್ಲಿ. ಮರಾಠಿಯಲ್ಲಿ ಶಿವಾಜಿಯ ಕಾಲದ ವೀರಕಥೆಗಳಿದ್ದುವು. ಆಪಟೆಯವರೇ ಅಂಥವನ್ನು ಬರೆದಿದ್ದರು. ಅವನ್ನು ಬಿಟ್ಟು ಅಡಿಗೆಮನೆಯ ಕತ್ತಲಲ್ಲಿ ಉಸಿರು ಹಿಡಿದು ಮಾತಾಡುವ ಯಮುನೆಯನ್ನು ಕರೆತಂದುದರಲ್ಲಿ ತನ್ನ ನಾಡಿನ ಹೆಂಗಸರಿಗೆ ಯಾವ ಮಾತು ಬೇಕೆಂಬ ತಿಳಿವಳಿಕೆಯಿದೆ. ಎರಡನೆಯದಾಗಿ, ಮೂಲದ ಲೇಖಕ ಗಂಡಸು. ಆತನು ಹೆಣ್ಣಿನ ದನಿಯನ್ನು ಕಲ್ಪಿಸಿಕೊಂಡು ಬರೆದನು. ಅನುವಾದದಲ್ಲಿ ಆ ದನಿ ಹೆಣ್ಣಿನ ಕೈಯಿಂದ ಹಾದುಬಂದಿತು. ಪುಣೆಯ ಬ್ರಾಹ್ಮಣ ಮನೆಯ ಆಡುಮಾತಿಗೆ ಕನ್ನಡದಲ್ಲಿ ಸರಿಯಾದ ಮನೆಮಾತನ್ನು ಹುಡುಕುವುದು ನಿಘಂಟಿನಿಂದ ಆಗುವ ಕೆಲಸವಲ್ಲ. ಎರಡು ಭಾಷೆಗಳ ಒಳಮನೆಗಳಲ್ಲಿ ಓಡಾಡಿದವರಿಗೆ ಮಾತ್ರ ಅದು ಸಾಧ್ಯ.

ಇಲ್ಲಿ ಕಾರಂತರ ಕಾದಂಬರಿಗಳನ್ನೂ ಎದುರಿಗಿಟ್ಟು ನೋಡಬೇಕು. ೧೯೬೮ರ ‘ಮೂಕಜ್ಜಿಯ ಕನಸುಗಳು’ ಕೃತಿಯಲ್ಲಿ ಬಾಲವಿಧವೆಯಾದ ಮುದುಕಿಯೊಬ್ಬಳು ಸಾವಿರಾರು ವರ್ಷಗಳ ಮಾನವ ನಂಬಿಕೆಗಳನ್ನು ಬಿಚ್ಚಿ ತೋರಿಸುತ್ತಾಳೆ. ೧೯೭೦ರ ‘ಮೈಮನಗಳ ಸುಳಿಯಲ್ಲಿ’ ಕಾದಂಬರಿಯಲ್ಲಿ ಬಸರೂರಿನ ಮಂಜುಳೆ ತನ್ನ ಬಾಳನ್ನು ತಾನೇ ಬರೆದಿಡುತ್ತಾಳೆ; ರಸಿಕರನ್ನು ಸಂತೋಷಪಡಿಸುವ ಕುಲವೃತ್ತಿಯವಳು ಕೊನೆಗೆ ಲೇಖನಿಯನ್ನು ಹಿಡಿಯುವುದು ಆ ಕಥೆಯ ಮರ್ಮ. ಹೆಣ್ಣು ಪರರ ಕಣ್ಣಿನ ಬೊಂಬೆಯಾಗಿರದೆ ಸ್ವಂತ ಮಾತಿನವಳಾಗಬೇಕೆಂಬುದನ್ನು ಕಾರಂತರಷ್ಟು ಸ್ಪಷ್ಟವಾಗಿ ಬರೆದವರು ಕನ್ನಡದಲ್ಲಿ ಕೆಲವರೇ. ಅಂಥ ಕಾದಂಬರಿಕಾರರ ವಾಚಕರು, ಅವರ ಮನೆಯಲ್ಲಿಯೇ ನಿಜವಾಗಿ ಬರೆದ ಹೆಂಗಸಿನ ಪುಸ್ತಕವನ್ನು ಮರೆತು ಮಂಜುಳೆಯ ಮೂಲವನ್ನು ಹುಡುಕುತ್ತ ಹೋದುದು ಆ ಕಾದಂಬರಿಯನ್ನೇ ಸರಿಯಾಗಿ ಓದಿಲ್ಲವೆಂಬುದಕ್ಕೆ ಸಾಕ್ಷಿ. ಲೀಲಾ ಕಾರಂತರು ೧೯೮೬ರಲ್ಲಿ ತೀರಿಕೊಂಡರು. ಯಾರು ಲಕ್ಷ್ಯ ಕೊಡುತ್ತಾರೆಂದು ಕೇಳುವ ಕೃತಿಯನ್ನು ಕನ್ನಡಿಸಿದವರ ಹೆಸರಿಗೂ ಅದೇ ಪ್ರಶ್ನೆ ಅಂಟಿಕೊಂಡಿತು.

ಮಾಲಿನಿ ಮಲ್ಯರ ಕಾರ್ಯ ಇದಕ್ಕಿಂತ ಬೇರೆ ಜಾತಿಯದು. ೧೯೭೪ರಲ್ಲಿ ಅವರು ಕಾರಂತರ ಬಳಿಗೆ ಬಂದುದು ಹಸ್ತಪ್ರತಿಗಳನ್ನು ಶುದ್ಧವಾಗಿ ಬರೆದುಕೊಡುವ ಕೆಲಸಕ್ಕೆ. ಪ್ರತಿಮಾಡುವುದನ್ನು ಯಾಂತ್ರಿಕವೆಂದು ಎಣಿಸುವವರು ಅದನ್ನು ಮಾಡಿ ನೋಡಿದವರಲ್ಲ. ತಾಳೆಗರಿಯ ಕಾಲದಿಂದಲೂ ಕನ್ನಡ ಕಾವ್ಯಗಳು ಉಳಿದುದು ಲಿಪಿಕಾರರಿಂದ; ಕೆಟ್ಟುದೂ ಲಿಪಿಕಾರರಿಂದಲೇ. ಬರೆಯುವವನ ವೇಗಕ್ಕೆ ಹೊಂದಿಕೊಂಡು, ಅವನು ಬಿಟ್ಟ ಅಕ್ಷರವನ್ನು ತುಂಬಿ, ಅವನು ಬಯಸದ ಅಕ್ಷರವನ್ನು ಸೇರಿಸದೆ ಇರುವುದಕ್ಕೆ ಭಾಷೆಯ ಜ್ಞಾನವೂ ಸಂಯಮವೂ ಬೇಕು. ೧೯೭೭ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂದ ಮೇಲೆ ಕಾರಂತರ ಪತ್ರವ್ಯವಹಾರ, ಭಾಷಣ, ಸಂಚಾರಗಳ ಹೊರೆ ಹೆಚ್ಚಿತು. ಎಪ್ಪತ್ತು ದಾಟಿದ ಅವರು ಬರೆಯುವುದನ್ನು ನಿಲ್ಲಿಸಲೂ ಇಲ್ಲ. ಆ ಇಳಿವಯಸ್ಸಿನ ಉತ್ಪನ್ನದ ಹಿಂದೆ ಇನ್ನೊಂದು ಕೈಯ ದುಡಿಮೆಯಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ೧೯೮೬ರ ‘ಅಂಟಿದ ಅಪರಂಜಿ’ ಕಾದಂಬರಿಯನ್ನು ಕಾರಂತರು ಮಾಲಿನಿ ಮಲ್ಯರಿಗೆ ಅರ್ಪಿಸಿದರು. ಹೀಗೆ ಅವರ ಹೆಸರು ಅರ್ಪಣೆಯ ಪುಟಕ್ಕೆ ಬಂದಿತು.

ಅಲ್ಲಿಯೇ ನಿಂತಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ. ಮಾಲಿನಿ ಮಲ್ಯರು ಅಲ್ಲಿಂದ ಹೊರಟು ತಮ್ಮ ಹೆಸರಿನ ಪುಸ್ತಕಗಳಿಗೆ ಬಂದರು. ‘ನಾನು ಕಂಡ ಕಾರಂತರು’ ಎಂಬ ಗ್ರಂಥದಲ್ಲಿ ತಾವು ಕಂಡುದನ್ನು ತಾವೇ ಬರೆದರು. ಪತ್ರಿಕೆಗಳಲ್ಲಿಯೂ ಸ್ಮರಣಸಂಚಿಕೆಗಳಲ್ಲಿಯೂ ಹರಡಿಹೋಗಿದ್ದ ಕಾರಂತರ ಲೇಖನಗಳನ್ನೂ ಭಾಷಣಗಳನ್ನೂ ಹುಡುಕಿ ತೆಗೆದು ಹಲವು ಸಂಪುಟಗಳಾಗಿ ಸಂಪಾದಿಸಿದರು. ಕಾರಂತರ ಬರವಣಿಗೆಯ ಆಯುಷ್ಯ ಏಳು ದಶಕಗಳಿಗೂ ಮೀರಿದುದು. ತರುಣರಾಗಿದ್ದಾಗ ಕುಂದಾಪುರದಿಂದ ‘ವಸಂತ’ವೆಂಬ ಮಾಸಪತ್ರಿಕೆಯನ್ನು ನಡೆಸಿದ ದಿನಗಳಿಂದ ಕೈಗಾದ ಅಣುಸ್ಥಾವರವನ್ನು ವಿರೋಧಿಸಿದ ದಿನಗಳವರೆಗೆ ಅವರು ಎಲ್ಲೆಲ್ಲಿ ಏನೇನು ಬರೆದರೆಂಬುದು ಅವರಿಗೇ ಲೆಕ್ಕವಿದ್ದಿರಲಾರದು. ತಾವು ಬರೆದುದನ್ನು ಜೋಪಾನವಾಗಿ ಕಟ್ಟಿಡುವುದು ಅಂಥ ಚಂಚಲ ಚೇತನದ ಸ್ವಭಾವವೂ ಅಲ್ಲ. ಆ ಕೆಲಸವನ್ನು ಇನ್ನೊಬ್ಬರು ಮಾಡಬೇಕಾಗಿತ್ತು.

ಸಂಪಾದನೆಯನ್ನು ಕಸಗುಡಿಸಿ ರಾಶಿಹಾಕುವ ಕೆಲಸವೆಂದು ಭಾವಿಸುವ ವಾಡಿಕೆ ಇನ್ನೂ ಹೋಗಿಲ್ಲ. ನಿಜವಾಗಿ ಅದರಲ್ಲಿ ನಾಲ್ಕು ನಿರ್ಧಾರಗಳಿವೆ. ಯಾವುದು ಲೇಖಕನದು, ಯಾವುದು ಅವನದಲ್ಲ ಎಂಬುದು ಒಂದು. ಒಂದೇ ಬರಹದ ಎರಡು ಪಾಠಗಳು ಸಿಕ್ಕಾಗ ಯಾವುದನ್ನು ಹಿಡಿಯಬೇಕೆಂಬುದು ಎರಡು. ಕಾಲಾನುಕ್ರಮವೋ ವಿಷಯಾನುಕ್ರಮವೋ ಎಂಬುದು ಮೂರು. ಲೇಖಕನಿಗೆ ಗೌರವ ತಾರದ ದುರ್ಬಲ ಬರಹವನ್ನು ಸೇರಿಸಬೇಕೇ ಬಿಡಬೇಕೇ ಎಂಬುದು ನಾಲ್ಕು. ಪ್ರತಿಯೊಂದು ನಿರ್ಧಾರವೂ ವಾಚಕನು ಮುಂದೆ ಕಾಣಲಿರುವ ಕಾರಂತರನ್ನು ಬೇರೆಯಾಗಿಸುತ್ತದೆ. ಕಾದಂಬರಿಕಾರರೆಂದೇ ಕಾರಂತರನ್ನು ತಿಳಿದವನ ಮುಂದೆ ಅವರ ಲೇಖನಗಳ ಸಂಪುಟಗಳನ್ನು ಇರಿಸಿದರೆ, ಶಿಕ್ಷಣ, ವಿಜ್ಞಾನ, ಕಲೆ, ಧರ್ಮಗಳನ್ನು ಕುರಿತು ವಾದಿಸಿ, ಜಗಳವಾಡಿ, ಕೆಲವೊಮ್ಮೆ ತಮ್ಮ ಹಿಂದಿನ ಮಾತನ್ನೇ ತಾವು ತಿದ್ದಿಕೊಂಡ ಇನ್ನೊಬ್ಬ ಕಾರಂತರು ಎದ್ದು ಬರುತ್ತಾರೆ. ಆ ಎರಡನೆಯ ಕಾರಂತರು ಕನ್ನಡಿಗರಿಗೆ ದೊರೆತುದು ಬಹುಮಟ್ಟಿಗೆ ಮಾಲಿನಿ ಮಲ್ಯರ ಶ್ರಮದಿಂದ. ಹೊನ್ನಮ್ಮನಂತೆ ಅವರೂ ಪರರ ವಸ್ತುವಿನ ಒಳಗೇ ಉಳಿದರು. ಆದರೆ ಆ ವಸ್ತುವಿಗೆ ಆಕಾರ ಕೊಟ್ಟ ಕೈ ಅವರದು.

ಹಾಗೆಂದು ಈ ಕಾರ್ಯಕ್ಕೆ ಮಿತಿಗಳಿಲ್ಲವೆಂದು ಹೇಳಿದರೆ ಅದು ವಿಮರ್ಶೆಯಾಗದು. ಹತ್ತಿರದಿಂದ ಬರೆದ ಚರಿತ್ರೆಗೆ ಹತ್ತಿರದ್ದೇ ಒಂದು ಕೊರತೆಯುಂಟು. ಗೋಪುರದ ಬುಡದಲ್ಲಿ ನಿಂತವನಿಗೆ ಕಲ್ಲಿನ ಕೆತ್ತನೆ ಕಾಣುತ್ತದೆ. ಗೋಪುರ ಎಷ್ಟು ಎತ್ತರ, ಎಲ್ಲಿ ವಾಲಿದೆ ಎಂಬುದು ಕಾಣಬೇಕಾದರೆ ಹಿಂದೆ ಸರಿಯಬೇಕು. ಗುರುವಿನ ಸನ್ನಿಧಿಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದವರಿಂದ ನಿಷ್ಠುರವಾದ ತೀರ್ಪನ್ನು ವಾಚಕನು ಅಪೇಕ್ಷಿಸುವುದು ನ್ಯಾಯವಲ್ಲ. ಕಾರಂತರ ಕಾದಂಬರಿಗಳಲ್ಲಿ ಯಾವುವು ನಿಲ್ಲುತ್ತವೆ, ಯಾವುವು ಅವಸರದ ಬೆಳೆ ಎಂಬ ಪ್ರಶ್ನೆಗೆ ಉತ್ತರವನ್ನು ಬೇರೆಡೆಯಲ್ಲಿ ಹುಡುಕಬೇಕು. ಇಷ್ಟು ಅನುಭವವುಳ್ಳ ಲೇಖನಿ ಕಾರಂತರಿಲ್ಲದ ಲೋಕದ ಮೇಲೆಯೂ, ತನ್ನ ಊರಿನ, ತನ್ನ ಕಾಲದ ಹೆಂಗಸರ ಬಾಳಿನ ಮೇಲೆಯೂ ಇನ್ನಷ್ಟು ಹರಿದಿದ್ದರೆ ಕನ್ನಡಕ್ಕೆ ಲಾಭವಾಗುತ್ತಿತ್ತೆಂಬ ಆಸೆ ಸಹಜ. ವಾಲದೋಂ ನಡೆದ ದಾರಿ ಅದು. ಮಾಲಿನಿ ಮಲ್ಯರದು ಆ ದಾರಿಯಲ್ಲ.

ಆದರೆ ಅವರ ಸ್ವಾತಂತ್ರ್ಯಕ್ಕೆ ಸಾಹಿತ್ಯದ ಹೊರಗಣ ಒಂದು ಪರೀಕ್ಷೆಯೂ ಬಂದಿತು. ಆ ಪ್ರಸಂಗವನ್ನು ತಿಳಿಯಲು ಕಾರಂತರ ಯಕ್ಷಗಾನವನ್ನು ನೆನೆಯಬೇಕು. ಬಯಲಾಟದ ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಸೇರಿಸಿ, ಮಾತುಗಾರಿಕೆಯನ್ನು ಕೈಬಿಟ್ಟು, ರಾತ್ರಿಯಿಡೀ ನಡೆಯುವ ಆಟವನ್ನು ಕೆಲವು ಗಳಿಗೆಗಳ ನೃತ್ಯನಾಟಕವಾಗಿ ಅವರು ಮಾರ್ಪಡಿಸಿದರು. ಇದಕ್ಕೆ ಯಕ್ಷರಂಗವೆಂದು ಹೆಸರು. ‘ಅಭಿಮನ್ಯು ವಧೆ’, ‘ಭೀಷ್ಮ ವಿಜಯ’, ‘ನಳ ದಮಯಂತಿ’, ‘ಪಂಚವಟಿ’ ಮುಂತಾದುವು ಅದಕ್ಕಾಗಿ ಸಿದ್ಧವಾದ ಪ್ರಸಂಗಗಳು. ೧೯೯೪ರಲ್ಲಿ ಬರೆದ ಮರಣಶಾಸನದಲ್ಲಿ ಕಾರಂತರು ತಮ್ಮ ಸಾಹಿತ್ಯಕೃತಿಗಳ ಹಕ್ಕುಸ್ವಾಮ್ಯವನ್ನು ಮಾಲಿನಿ ಮಲ್ಯರಿಗೆ ವಹಿಸಿದರು. ೧೯೯೭ರ ಡಿಸೆಂಬರ್ ೯ರಂದು ಕಾಲವಾದರು. ೨೦೦೧ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆ ಹೊಸದಿಲ್ಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿಸಿದಾಗ, ತಮ್ಮ ಅನುಮತಿ ಪಡೆಯಲಿಲ್ಲವೆಂದು ಮಲ್ಯರು ನ್ಯಾಯಾಲಯದ ಮೊರೆಹೊಕ್ಕರು. ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ಆರಂಭವಾದ ವ್ಯಾಜ್ಯ ಉಚ್ಚ ನ್ಯಾಯಾಲಯವನ್ನು ದಾಟಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ೨೦೦೯ರ ಜನವರಿ ೨೩ರಂದು ಅಲ್ಲಿ ತೀರ್ಪಾಯಿತು.

ಆ ತೀರ್ಪಿನಲ್ಲಿ ಸಾಹಿತ್ಯಪ್ರಿಯರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಯಕ್ಷರಂಗದ ಪ್ರಸಂಗ ಸಾಹಿತ್ಯಕೃತಿಯೋ ನಾಟ್ಯಕೃತಿಯೋ ಎಂಬ ಪ್ರಶ್ನೆ ಎದ್ದಿತು. ಓದುವುದಕ್ಕೆ ಒದಗುವುದು ಸಾಹಿತ್ಯ, ಆಡುವುದಕ್ಕೆ ಆಧಾರವಾಗುವುದು ನಾಟ್ಯವೆಂದು ನ್ಯಾಯಾಲಯ ವಿಂಗಡಿಸಿತು. ಪ್ರಸಂಗಗಳು ನಾಟ್ಯಕೃತಿಗಳಾದರೂ, ಬೇರೆ ಯಾರಿಗೂ ಕೊಡದೆ ಉಳಿದುದೆಲ್ಲ ಮಲ್ಯರಿಗೆ ಸೇರತಕ್ಕದ್ದೆಂಬ ಮರಣಶಾಸನದ ಮಾತಿನಂತೆ ಅವುಗಳ ಹಕ್ಕೂ ಅವರದೇ ಎಂದು ನಿರ್ಣಯವಾಯಿತು. ಅದರ ಜೊತೆಗೆ, ವಿದ್ಯಾಸಂಸ್ಥೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಆಡುವ ಆಟ, ಪ್ರೇಕ್ಷಕರಿಂದ ಹಣ ಪಡೆಯದ ಆಟ ಮುಂತಾದುವಕ್ಕೆ ಕಾನೂನು ಮೊದಲೇ ಕೊಟ್ಟಿರುವ ವಿನಾಯಿತಿಗಳು ಉಳಿಯಬೇಕೆಂದು ತಡೆಯಾಜ್ಞೆಯನ್ನು ಆ ಮಟ್ಟಿಗೆ ಸಡಿಲಿಸಲಾಯಿತು.

ಈ ವ್ಯಾಜ್ಯವನ್ನು ನೋಡಿ ಯಕ್ಷಗಾನದ ಅಭಿಮಾನಿಗಳಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಬಯಲಾಟ ಊರಿನವರೆಲ್ಲರ ಸೊತ್ತು. ಕಥೆ ವ್ಯಾಸರದು, ಹೆಜ್ಜೆ ಮೇಳದವರದು, ತಾಳಮದ್ದಳೆ ಹಿರಿಯರಿಂದ ಬಂದುದು. ಕಾರಂತರೇ ಅಲ್ಲಿಂದ ಸಾಲ ತೆಗೆದವರಾಗಿರುವಾಗ ಅದಕ್ಕೆ ಒಬ್ಬರು ಒಡೆಯರಾಗುವುದು ಹೇಗೆ ಎಂಬುದು ಆ ಆಕ್ಷೇಪ. ಸಾಲಿಗ್ರಾಮದ ಹೆಸರಿನಲ್ಲಿಯೇ ಮೇಳವಿರುವ ಈ ಸೀಮೆಯಲ್ಲಿ ಆ ಮಾತನ್ನು ಹಗುರವಾಗಿ ಕಾಣಲಾಗದು. ಆದರೆ ವ್ಯಾಜ್ಯ ನಡೆದುದು ಬಯಲಾಟದ ಮೇಲಲ್ಲ, ಒಬ್ಬ ಕಲಾವಿದನು ಅದನ್ನು ಕಡೆದು ಕಟ್ಟಿದ ಹೊಸ ರೂಪದ ಮೇಲೆ. ಹಳ್ಳಿಯ ಮೇಳ ಅಭಿಮನ್ಯುವಿನ ಕಥೆಯನ್ನು ಆಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಸಡಿಲಿಸಿದ ತಡೆಯಾಜ್ಞೆ ಕಲಿಯುವವರಿಗೂ ಬಾಗಿಲು ತೆರೆದಿಟ್ಟಿತು. ಜನರ ಕಲೆ, ಕರ್ತೃವಿನ ರೂಪ, ವಾರಸುದಾರರ ಹಕ್ಕು ಈ ಮೂರಕ್ಕೂ ಬೇರೆ ಬೇರೆ ಗಡಿಯುಂಟೆಂಬುದು ಕರಾವಳಿಯ ಕಲಾಲೋಕಕ್ಕೆ ಸ್ಪಷ್ಟವಾದುದು ಈ ಪ್ರಸಂಗದಿಂದ.

ವಿಮರ್ಶೆಯ ದೃಷ್ಟಿಯಿಂದ ಇನ್ನೊಂದು ವಿಷಯ ಮುಖ್ಯ. ಮೆಚ್ಚುಗೆಯ ಪೀಠದಲ್ಲಿ ಕುಳಿತವರಿಗೆ ಜವಾಬ್ದಾರಿಯಿಲ್ಲ. ದೊಡ್ಡ ಸಂಸ್ಥೆಯೊಂದರ ಎದುರಿಗೆ, ಕೆಳಗಿನ ನ್ಯಾಯಾಲಯದಿಂದ ಮೇಲಿನದರವರೆಗೆ, ವರ್ಷಾನುಗಟ್ಟಲೆ ತನ್ನ ಮಾತಿಗೆ ನಿಂತವರು ಸ್ಫೂರ್ತಿಯೆಂಬ ಮೃದುವಾದ ಶಬ್ದದಲ್ಲಿ ಅಡಗುವುದಿಲ್ಲ. ಆ ನಿಲುವನ್ನು ಒಪ್ಪದವರೂ ಅದರ ಹಿಂದೆ ಸ್ವಂತ ಬುದ್ಧಿಯಿತ್ತೆಂದು ಒಪ್ಪಲೇಬೇಕು.

ಹಾಗಾದರೆ ಈ ಇಬ್ಬರದು ಸ್ವತಂತ್ರವಾದ ಸಾಧನೆಯೇ? ತಾನು ಮಾತ್ರ ಕಂಡ ವಸ್ತುವನ್ನು ತಾನು ಮಾತ್ರ ಬರೆಯುವುದೇ ಸ್ವಾತಂತ್ರ್ಯವೆನ್ನುವವರು ಅಲ್ಲವೆನ್ನಬಹುದು. ಆ ಅಳತೆಯನ್ನು ಹಿಡಿದರೆ ವ್ಯಾಖ್ಯಾನಕಾರರೂ ಅನುವಾದಕರೂ ಕೋಶಕಾರರೂ ಸಂಪಾದಕರೂ ವಾಙ್ಮಯದಿಂದ ಹೊರಬೀಳುತ್ತಾರೆ. ಉಳಿಯುವ ವಾಙ್ಮಯ ಬಹಳ ತೆಳುವಾದೀತು. ಯಾವ ಕೃತಿಯನ್ನು ತರಬೇಕು, ಯಾವ ಪಾಠವನ್ನು ಹಿಡಿಯಬೇಕು, ಯಾವ ಮಾತಿಗೆ ನಿಲ್ಲಬೇಕು ಎಂಬುದನ್ನು ತಾವೇ ನಿರ್ಧರಿಸಿ, ಅದರ ಫಲಕ್ಕೂ ದೋಷಕ್ಕೂ ತಮ್ಮ ಹೆಸರನ್ನು ಕೊಡುವುದು ಸ್ವಾತಂತ್ರ್ಯವಾದರೆ, ಲೀಲಾ ಕಾರಂತರಲ್ಲಿ ಅದು ಅಲ್ಪಪ್ರಮಾಣದಲ್ಲಿ ಆದರೆ ಶುದ್ಧವಾಗಿ ಇದೆ. ಮಾಲಿನಿ ಮಲ್ಯರಲ್ಲಿ ಬಹುಕಾಲದ ಉದ್ಯೋಗವಾಗಿ ಬೆಳೆದಿದೆ. ಒಬ್ಬರು ಹೆಣ್ಣಿನ ದನಿಯೊಂದನ್ನು ಕನ್ನಡಕ್ಕೆ ತಂದರು. ಇನ್ನೊಬ್ಬರು ಕನ್ನಡದ ದೊಡ್ಡ ದನಿಯೊಂದು ಚದುರಿಹೋಗದಂತೆ ಕಟ್ಟಿಕೊಟ್ಟರು.

ಗ್ರೀಕರು ಸ್ಫೂರ್ತಿದೇವಿಯರಿಗೆ ಸ್ಮೃತಿಯನ್ನು ತಾಯಿಯಾಗಿ ಕಲ್ಪಿಸಿದುದರಲ್ಲಿ ಅರ್ಥವಿದೆ. ನೆನಪನ್ನು ಕಾಯುವವರಿಲ್ಲದ ಕಡೆ ಸ್ಫೂರ್ತಿಯೂ ಬಹುಕಾಲ ನಿಲ್ಲುವುದಿಲ್ಲ. ಈ ಜಿಲ್ಲೆಯ ವಾಚನಾಲಯಗಳಲ್ಲಿ ಕಾರಂತರ ಗ್ರಂಥಗಳಿಗೆ ಒಂದು ಸಾಲೇ ಮೀಸಲಾಗಿರುವು‍ದು ಯೋಗ್ಯವಾದುದು. ಆ ಸಾಲಿನ ಪಕ್ಕದಲ್ಲಿ ಆಪಟೆಯವರ ಯಮುನೆಯ ಕನ್ನಡ ರೂಪವನ್ನು ಅನುವಾದಕಿಯ ಹೆಸರಿನಲ್ಲಿಯೂ, ಲೇಖನಗಳ ಸಂಪುಟಗಳನ್ನು ಸಂಪಾದಕಿಯ ಹೆಸರಿನಲ್ಲಿಯೂ ಪಟ್ಟಿಮಾಡಿ ಇಟ್ಟರೆ, ಕಾರಂತರ ಹಿರಿಮೆಗೆ ಕುಂದೇನೂ ಬಾರದು. ಅರ್ಪಣೆಯ ಪುಟವನ್ನು ಓದಿ ಮುಗುಳ್ನಕ್ಕ ವಾಚಕರು ಆ ಮುಖಪುಟಗಳನ್ನೂ ತೆರೆಯಲಿ. ಯಮುನೆಯ ಪ್ರಶ್ನೆಗೆ ಈ ನಾಡಿನಿಂದ ಸಲ್ಲಬೇಕಾದ ಉತ್ತರ ಅಲ್ಲಿಂದ ಮೊದಲಾಗುತ್ತದೆ.